ಬಾಲ ಬಂದ ಚುಕ್ಕೆ

ಫೆಬ್ರವರಿ 12

ತಮ್ಮಾ,

ಅಮ್ಮನ ರಕ್ತದ ವರದಿ ಬಂತು. 1.180! ಇನ್ನೊಂದು ಸಲ ಬರೆಯುತ್ತೇನೆ, ಬರೆಯಲು ಚೆನ್ನಾಗಿದೆ: 1.180. ಐದರೊಳಗಿದ್ದರೆ ಗೆಡ್ಡೆಯ ಕಾಟ ತೀರಿತು ಎಂದು ಅರ್ಥ. ಆಪರೇಷನ್ನಿಗೆ ಮುಂಚೆ ಅವಳದ್ದು ಮೂರು ಸಾವಿರ ದಾಟಿತ್ತು, ನಿನಗೆ ನೆನಪಿದೆಯೋ ಇಲ್ಲವೋ.

ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಅದನ್ನು ಕೂರಿಸಲು ಪರದೇಶದ ಎಂಜಿನಿಯರ್ ಒಬ್ಬ ಬಂದು ನಿನ್ನೆ ಇಡೀ ದಿನ ನನ್ನ ಕುರ್ಚಿಯಲ್ಲೇ ಕೂತು, ನನ್ನ ಕಂಪ್ಯೂಟರಿಗೂ ಯಂತ್ರಕ್ಕೂ ಅದೇನೋ ಸಂಬಂಧ ಕುದುರಿಸಿ ಹೋದ. ಇವತ್ತು ಬೆಳಿಗ್ಗೆ ಮೊದಲ ಟ್ಯೂಬೇ ಅಮ್ಮನದ್ದು ಹಾಕಿಸಿದೆ. ಅಷ್ಟು ಅಧಿಕಾರವೂ ಇಲ್ಲದಿದ್ದರೆ ಇಲ್ಲಿ ಇಷ್ಟು ವರ್ಷ ವರದಿ ಪ್ರಿಂಟ್ ಮಾಡಿ ಏನು ಬಂತು? ಕಾಗದ ಕೈಗೆ ಬಂದದ್ದೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಚೆನ್ನಾಗಿ ಅತ್ತೆ.

ಅಮ್ಮನ ಡಾಕ್ಟರು ವರದಿ ನೋಡಿ, "ಮಾತ್ರೆ ಸಾಕು, ನಿಲ್ಸಿಬಿಡಿ. ಆರು ತಿಂಗಳು ಬಿಟ್ಟು ಬನ್ನಿ" ಎಂದರು. ಆ ಮಾತ್ರೆ ತಿನ್ನುತ್ತಿದ್ದಷ್ಟು ದಿನ ಅವಳು ಊಟದ ತಟ್ಟೆ ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದಳು. ಇವತ್ತು ಎರಡು ಸಲ ಬಡಿಸಿಕೊಂಡಳು. "ಲೇ, ನನ್ನ ರಕ್ತ ಅಂತ ಯಾವಳೋ ಹದಿನಾರರ ಹುಡುಗೀದು ನೋಡಿಲ್ಲ ತಾನೇ?" ಎಂದು ನಕ್ಕಳು.

ಅವಳಿಗೆ ಔಷಧಿ ಏರಿಸುತ್ತಿದ್ದಾಗ ನೀನು ಒಂದು ಸಲವೂ ಬರಲಿಲ್ಲ. ಈ ಪತ್ರದಲ್ಲಿ ಆ ಮಾತು ಎತ್ತಬಾರದು ಅಂದುಕೊಂಡೇ ಕೂತಿದ್ದೆ, ಎತ್ತಿಬಿಟ್ಟೆ. ಹೋಗಲಿ, ಇವತ್ತು ಜಗಳ ಬೇಡ.

ನಿನ್ನ ಅಕ್ಕ


ಫೆಬ್ರವರಿ 20

ತಮ್ಮಾ,

ನೀನು ಆ ಸಮುದ್ರದ ಬಂಡೆಯ ಮೇಲೆ ದೀಪಸ್ತಂಭ ನೋಡಿಕೊಳ್ಳಲು ಹೋಗುವ ಮುಂಚೆ ಊರಿನ ಅರ್ಧ ಆಫೀಸುಗಳ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಆ ವಿದ್ಯೆ ಇನ್ನೂ ತಲೆಯಲ್ಲಿ ಉಳಿದಿದ್ದರೆ ನನ್ನನ್ನು ಕಾಪಾಡು. ಫೋನಿಗಾದರೂ ಸಿಗುತ್ತೀಯಾ ಅಂದರೆ ಅದೂ ಇಲ್ಲ. ರೇಡಿಯೋ ಕೆಲಸದ ಮಾತಿಗೆ ಮಾತ್ರ ಅಂತೀಯ. ವಾರಕ್ಕೊಂದು ದೋಣಿಯನ್ನು ನೆಚ್ಚಿಕೊಂಡು ಬರೆಯುತ್ತಿದ್ದೇನೆ, ನನ್ನ ಹಣೆಬರಹ.

ನನ್ನ ಕಂಪ್ಯೂಟರಿಗೆ ದೆವ್ವ ಹಿಡಿದಿದೆ. ಅಮ್ಮನ ವರದಿಯ ಹಿಂದೆಯೇ ಬಂದ ವರದಿಗಳೆಲ್ಲ ಸಾವಿರದ ಲೆಕ್ಕದಲ್ಲಿ ಬಂದವು. 2,340. 1,095. 3,600. ಎಲ್ಲರೂ ಅಮ್ಮನ ಹಾಗೆ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದವರು. ಒಬ್ಬಾಕೆ ಕೌಂಟರಿನ ಅಂಚು ಹಿಡಿದುಕೊಂಡು ಹಾಗೇ ಕುಸಿದರು. ಮೂರನೆಯ ದಿನ ನಮ್ಮ ಡಾಕ್ಟರಮ್ಮನಿಗೆ (ಲ್ಯಾಬಿನ ಒಡತಿಯೂ ಅವರೇ) ಅನುಮಾನ ಬಂದು, ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದು ನೋಡಿದರು. ಅಲ್ಲಿ 2.340, 1.095, 3.600. ಯಾರಿಗೂ ಏನೂ ಆಗಿಲ್ಲ! ಮಿಕ್ಕ ಕಂಪ್ಯೂಟರುಗಳಲ್ಲೂ ಹಾಗೇ. ನನ್ನ ಪರದೆಯಲ್ಲಿ ಮಾತ್ರ ಚುಕ್ಕೆಗೆ ಬಾಲ ಬಂದು ಕಾಮಾ ಆಗುತ್ತಿದೆ.

ಸಾವಿರ ದಾಟಿದವರದ್ದನ್ನೆಲ್ಲ ಹುಡುಕಿ ತೆಗೆದು ಸರಿಯಾದ ವರದಿ ಕೊಟ್ಟದ್ದಾಯಿತು. ಸದ್ಯ, ಅಮ್ಮನದ್ದು ಕಡಿಮೆಯೇ ಬಂದಿತ್ತಲ್ಲ, ನಮಗೆ ಆ ರಗಳೆ ಇಲ್ಲ.

ಒಬ್ಬರು ಮಾತ್ರ ಸಿಗಲಿಲ್ಲ, ಒಬ್ಬ ಬಸ್ ಡ್ರೈವರ್. 2,340 ಅವರದ್ದೇ. ಕಾಗದ ನೋಡಿದರು, ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟು "ಆಯ್ತಮ್ಮ" ಎಂದು ಹೋದವರು ಮನೆ ಸೇರಿಲ್ಲ. ಅವರ ಹೆಂಡತಿ ದಿನಾ ಬಂದು ನನ್ನೆದುರಿನ ಬೆಂಚಿನ ಮೇಲೆ ಕೂರುತ್ತಾರೆ. ಬಾಯಿಗೆ ಬಂದ ಹಾಗೆ ಬೈದರೂ ತಡೆದುಕೊಳ್ಳುತ್ತಿದ್ದೆ, ಬೈಯುವುದಿಲ್ಲ. "ಆಗ ಅವರ ಮುಖ ಹೇಗಿತ್ತಮ್ಮ?" ಎಂದು ಕೇಳುತ್ತಾರೆ. ದಿನಾ ಅದೇ ಪ್ರಶ್ನೆ.

ರಿಪೇರಿಯವನು ಬಂದು ಪರದೆ ಬದಲಿಸಿದ, ಪ್ರಿಂಟರ್ ಬದಲಿಸಿದ, ವರದಿಯ ಪ್ರೋಗ್ರಾಮನ್ನೇ ಕಿತ್ತು ಹಾಕಿ ಮತ್ತೆ ತುಂಬಿಸಿದ. ಬಾಲ ಹೋಗಲಿಲ್ಲ. "ಮೆಷಿನ್ ಸರಿಯಾಗೇ ಇದೆ, ಮೇಡಮ್ಮೇ ಏನೋ ಒತ್ತಿದಾರೆ" ಎಂದು ಕೈ ಕೊಡವಿ ಹೋದ. ಡಾಕ್ಟರಮ್ಮನೂ ಈಗ ಅದನ್ನೇ ಹಿಡಿದಿದ್ದಾರೆ. ಕಂಪ್ಯೂಟರಿನ ತಪ್ಪು ಎಂದು ನಾನು ತೋರಿಸಬೇಕಂತೆ, ಇಲ್ಲವಾದರೆ ನನ್ನ ತಪ್ಪು ಎಂದು ಬರೆದುಕೊಟ್ಟು ಕೆಲಸ ಬಿಡಬೇಕಂತೆ. ಆ ಡ್ರೈವರ್ ಎಲ್ಲಾದರೂ ಏನಾದರೂ ಮಾಡಿಕೊಂಡಿದ್ದರೆ ಅದೂ ನನ್ನ ಹೆಸರಿಗೇ. ನಾನೇನು ಒತ್ತಿದೆ? ಹೇಳೋ. ನನಗೆ ಕೈಕಾಲು ಆಡುತ್ತಿಲ್ಲ.

ನಿನ್ನ ಅಕ್ಕ


ಮಾರ್ಚ್ 1

ಅಕ್ಕ,

ನಿನ್ನ ಎರಡೂ ಪತ್ರ ಒಂದೇ ದೋಣಿಯಲ್ಲಿ ಬಂದವು. ಅಮ್ಮನ ಸುದ್ದಿ ಓದಿ ದೀಪದ ಕೋಣೆಯವರೆಗೂ ಓಡಿ ಹತ್ತಿ ಒಂದು ಕೂಗು ಹಾಕಿದೆ. ಜೊತೆಯ ಹಿರಿಯ ಕಾವಲುಗಾರ "ಏನಯ್ಯಾ, ಹಡಗೇನಾದ್ರೂ ಬಂಡೆಗೆ ಬಡೀತಾ?" ಎಂದು ಚಡ್ಡಿಯಲ್ಲೇ ಹೊರಗೆ ಬಂದ.

ಆಗ ಯಾಕೆ ಬರಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇದೆ. ಒಳ್ಳೆಯ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿಲ್ಲ.

ಕಂಪ್ಯೂಟರಿನ ವಿಷಯ. ಪರದೆ, ಪ್ರಿಂಟರ್ ಬದಲಿಸಿದವನು ದಂಡಪಿಂಡ. ಕೊಟ್ಟದ್ದನ್ನು ತೋರಿಸುವುದಷ್ಟೇ ಅವುಗಳ ಕೆಲಸ. ನನಗೆ ಒಂದು ಅನುಮಾನ ಇದೆ, ಆದರೆ ನೋಡದೆ ಹೇಳಿದರೆ ನೀನು ಇನ್ನೊಂದು ಗೋಜಲು ಮಾಡಿಕೊಳ್ಳುತ್ತೀಯ. ಅದರಲ್ಲಿ ಲೆಕ್ಕ ಮಾಡುವ ಕ್ಯಾಲ್ಕುಲೇಟರ್ ಇರುತ್ತದೆ ನೋಡು, ಅದನ್ನು ತೆರೆದು ಒಂದನ್ನು ಎರಡರಿಂದ ಭಾಗಿಸು. ಅರ್ಧ ಎಂಬುದು ಹೇಗೆ ಕಾಣುತ್ತದೋ ಹಾಗೇ ಬರೆದು ಕಳಿಸು. ಕೆಳಗಿನ ಮೂಲೆಯಲ್ಲಿ ತಾರೀಖು ಹೇಗೆ ಬರೆದಿದೆ ಅದನ್ನೂ ನೋಡು. ಆಮೇಲೆ ನಿನ್ನ ಜೊತೆಯವರು ಯಾರಾದರೂ ಅದೇ ಕಂಪ್ಯೂಟರಿನಲ್ಲಿ ಅವರ ಹೆಸರು, ಅವರ ಪಾಸ್‌ವರ್ಡ್ ಹಾಕಿ ಒಳಗೆ ಹೋಗಲಿ. ಆಗಲೂ ಬಾಲ ಬರುತ್ತದೋ ಇಲ್ಲವೋ ತಿಳಿಸು. ಬೇರೆ ಏನನ್ನೂ ಮುಟ್ಟಬೇಡ. ಏನನ್ನೂ ಬರೆದು ಕೊಡಬೇಡ.

ತಮ್ಮ


ಮಾರ್ಚ್ 8

ತಮ್ಮಾ,

ಅರ್ಧ ಹೀಗೆ ಕಾಣುತ್ತದೆ: 0,5. ನಾನು ಕಣ್ಣುಜ್ಜಿಕೊಂಡು ಮತ್ತೆ ಮಾಡಿದೆ. 0,5 ಅಂತೆ! ಕಂಪ್ಯೂಟರಿಗೇ ಅರ್ಧ ಗೊತ್ತಿಲ್ಲದ ಮೇಲೆ ನಾನು ಯಾರಿಗೆ ಹೇಳಲಿ? ತಾರೀಖಿನ ನಡುವೆ ಮೊದಲು ಓರೆಗೆರೆ ಇರುತ್ತಿತ್ತು, ಈಗ ಚುಕ್ಕೆ.

ಜೊತೆಯವಳನ್ನು ಕೂರಿಸಿ ಅವಳ ಹೆಸರಿನಲ್ಲಿ ತೆರೆಸಿದೆ. ಎಲ್ಲ ಸರಿಯಾಗಿದೆ! ಮತ್ತೆ ನನ್ನ ಹೆಸರಿನಲ್ಲಿ ತೆರೆದರೆ ಬಾಲ ಬಂತು. ಅಂದರೆ ದೆವ್ವ ಹಿಡಿದಿರುವುದು ಕಂಪ್ಯೂಟರಿಗಲ್ಲ, ನನ್ನ ಹೆಸರಿಗೆ. ಆ ಮಹಾತಾಯಿ ಸುಮ್ಮನಿರಬೇಕೋ ಬೇಡವೋ? ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ನೋಡಿ ಮೇಡಂ, ಇವಳ ಹೆಸರಲ್ಲಿ ಮಾತ್ರ ಹಿಂಗಾಗ್ತಿದೆ" ಎಂದಳು. ನಿನ್ನ ಪರೀಕ್ಷೆ ನನ್ನ ಕುತ್ತಿಗೆಗೇ ಬಂತು. ನನ್ನನ್ನು ಕಂಪ್ಯೂಟರಿನಿಂದ ಎಬ್ಬಿಸಿ, ಟ್ಯೂಬುಗಳಿಗೆ ಚೀಟಿ ಅಂಟಿಸಲು ಹಿಂದಿನ ಕೋಣೆಗೆ ಹಾಕಿದ್ದಾರೆ. ಈ ತಿಂಗಳ ಕೊನೆಯವರೆಗೆ ಅಷ್ಟೇ ಸಮಯ.

ಡ್ರೈವರ ಹೆಂಡತಿ ಬೆಂಚು ಬಿಟ್ಟು ಹಿಂದಿನ ಕೋಣೆಯ ಕಿಟಕಿಗೇ ಬರುತ್ತಾರೆ ಈಗ. ನಿನ್ನೆ ಕೇಳಿದರು, "ನಿಮಗೂ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಇದೆಯಾ?" ನಮ್ಮಮ್ಮನಿಗಿತ್ತು, ವಾಸಿಯಾಯಿತು ಎಂದೆ. ನನ್ನ ಕೈ ಹಿಡಿದು, "ನಿಮ್ಮ ಪುಣ್ಯ" ಎಂದರು. ನಾಚಿಕೆಯಾಗಿ ಕೈ ಬಿಡಿಸಿಕೊಂಡೆ.

ಅಮ್ಮ ಮಾತ್ರ ಆರಾಮ. ತಲೆಯಲ್ಲಿ ಬೆರಳುದ್ದ ಕೂದಲು ಬಂದಿಲ್ಲ, ಆಗಲೇ ಬಾಚಣಿಗೆ ಕೊಂಡಿದ್ದಾಳೆ. ಸಂಜೆ ಮನೆಗೆ ಹೋಗಿ ಅವಳ ಮುಖ ನೋಡಿದರೆ ನನಗೆ ಉಸಿರು ಬರುತ್ತದೆ. ಬೇಗ ಬರಿ. ನಿನ್ನ ಕಾಲಿಗೆ ಬೀಳುತ್ತೇನೆ, ಬೇಗ ಬರಿ.

ಅಕ್ಕ


ಮಾರ್ಚ್ 15

ಅಕ್ಕ,

ಗೊತ್ತಾಯಿತು. ಕೆಲವು ದೇಶಗಳಲ್ಲಿ ನಾವು ಚುಕ್ಕೆ ಇಡುವ ಕಡೆ ಕಾಮಾ ಇಡುತ್ತಾರೆ. ಆ ಎಂಜಿನಿಯರ್ ನಿನ್ನ ಹೆಸರಿನಲ್ಲೇ ಒಳಗೆ ಹೋಗಿ, ಕಂಪ್ಯೂಟರಿಗೆ ತನ್ನ ದೇಶದ ರೂಢಿ ಹಾಕಿಕೊಂಡು, ಕೆಲಸ ಮುಗಿಸಿ, ಹಿಂದಕ್ಕೆ ಬದಲಿಸದೆ ಎದ್ದು ಹೋಗಿದ್ದಾನೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್ ಎಂದಿರುತ್ತದೆ. ಅಲ್ಲಿ ನಮ್ಮ ದೇಶ ಆರಿಸಿ ಓಕೆ ಒತ್ತು, ಮುಗಿಯಿತು. ನಿನ್ನದು ಕೂದಲೆಳೆಯಷ್ಟೂ ತಪ್ಪಿಲ್ಲ. ಈ ಪತ್ರವನ್ನೇ ಡಾಕ್ಟರಮ್ಮನಿಗೆ ತೋರಿಸು.

ಇಷ್ಟು ಬರೆದು ಲಕೋಟೆಗೆ ಹಾಕಿ ಟೀ ಕಾಸಲು ಎದ್ದೆ. ನೀರು ಒಲೆಯ ಮೇಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ಇದು ಒಂದೇ ಕಡೆಗೆ ಆಗುವುದಲ್ಲ ಅಕ್ಕ. ಆ ರೂಢಿಯಲ್ಲಿ ಚುಕ್ಕೆ ಕಾಮಾ ಆಗುತ್ತದೆ, ಕಾಮಾ ಚುಕ್ಕೆ ಆಗುತ್ತದೆ. ಚಿಕ್ಕ ಸಂಖ್ಯೆ ಸಾವಿರದ ಹಾಗೆ ಕಾಣುತ್ತದೆ, ಸಾವಿರ ದಾಟಿದ್ದು ಚಿಕ್ಕದಾಗಿ ಕಾಣುತ್ತದೆ. ನೀವೆಲ್ಲ ಹೆದರಿಸುವ ಹಾಗೆ ಬಂದ ವರದಿಗಳನ್ನು ಮಾತ್ರ ತೆಗೆದು ನೋಡಿದಿರಿ. ಚೆನ್ನಾಗಿ ಬಂದದ್ದನ್ನು ಯಾರೂ ತೆಗೆದು ನೋಡಲಿಲ್ಲ. ನಿನ್ನ ಪರದೆಯಲ್ಲಿ ಚೆನ್ನಾಗಿ ಬಂದದ್ದು ಒಂದೇ ಒಂದು.

ಅಮ್ಮನದ್ದು ಒಂದು ಚಿಲ್ಲರೆ ಅಲ್ಲ. ಸಾವಿರದ ನೂರಾ ಎಂಬತ್ತು.

ನನ್ನ ಲೆಕ್ಕ ತಪ್ಪಿರಲಿ ಎಂದು ಹತ್ತು ಸಲ ಹಿಂದೆ ಮುಂದೆ ಮಾಡಿ ನೋಡಿದೆ. ತಪ್ಪುತ್ತಿಲ್ಲ. ಕಂಪ್ಯೂಟರ್ ಹಾಳಾಗಿ ಹೋಗಲಿ, ಮೊದಲು ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಇವತ್ತೇ ಹೋಗು.

ತಮ್ಮ


ಮಾರ್ಚ್ 20

ತಮ್ಮಾ,

ನಿನ್ನಿಂದ ಪತ್ರವೇ ಇಲ್ಲ. ಬಂದರಿಗೆ ಹೋಗಿ ಕೇಳಿದೆ. ಬಿರುಗಾಳಿ, ದೋಣಿ ಬಿಡುತ್ತಿಲ್ಲ ಎಂದರು. ನಿಮ್ಮ ಬಂಡೆಯ ರೇಡಿಯೋ ಕೂಡ ಮಾತಾಡುತ್ತಿಲ್ಲವಂತೆ. "ದೀಪ ಉರೀತಿದೆಯಲ್ಲಮ್ಮ, ಅಂದ್ರೆ ಬದುಕಿದಾರೆ" ಎಂದ ಅಲ್ಲಿನ ಗುಮಾಸ್ತ, ಪುಣ್ಯಾತ್ಮ. ಇದನ್ನು ಬರೆದು ಅವನ ಚೀಲಕ್ಕೇ ಹಾಕಿ ಬರುತ್ತೇನೆ.

ನನಗೆ ಉಳಿದಿರುವುದು ಹತ್ತು ದಿನ. ತಪ್ಪೊಪ್ಪಿಗೆಯ ಕಾಗದವನ್ನು ಡಾಕ್ಟರಮ್ಮ ಟೈಪ್ ಮಾಡಿಸಿಯೇ ಇಟ್ಟಿದ್ದಾರೆ. ಇವತ್ತು ಸಹಿ ಹಾಕಿ ಎಸೆದುಬಿಡೋಣ ಅನ್ನಿಸಿತ್ತು. ಅಮ್ಮ ಗದರಿದಳು, "ಮಾಡದೇ ಇರೋದನ್ನ ಮಾಡಿದೆ ಅಂತ ಯಾಕೆ ಬರೀತೀಯ? ನಾನು ಬದುಕಿಲ್ವಾ ನಿನ್ನ ಜೊತೆ?"

ಅವಳಿಗೆ ಸ್ವಲ್ಪ ಬೆನ್ನು ನೋವು. ಹೊಸ ಹುರುಪಿನಲ್ಲಿ ಮಾರ್ಕೆಟ್ಟಿಗೆ ನಡೆದೇ ಹೋಗಿ ಬರುತ್ತಾಳೆ, ಹೇಳಿದರೆ ಕೇಳುವುದಿಲ್ಲ. ಬಿಸಿನೀರಿನ ಚೀಲ ಇಟ್ಟು ಮಲಗಿಸಿದ್ದೇನೆ. ಊಟವೂ ಎರಡು ದಿನದಿಂದ ಅಷ್ಟಕ್ಕಷ್ಟೇ. ಬಿಸಿಲಿಗೆ ಇರಬೇಕು.

ಅಕ್ಕ


ಮಾರ್ಚ್ 25

ಅಕ್ಕ,

ಹಿಂದಿನ ಪತ್ರ ಇನ್ನೂ ನನ್ನ ಮೇಜಿನ ಮೇಲೇ ಬಿದ್ದಿದೆ. ಅದರ ಲಕೋಟೆಗೇ ಇದನ್ನೂ ಸೇರಿಸುತ್ತೇನೆ.

ದೋಣಿ ಬರಲಿಲ್ಲ. ರೇಡಿಯೋ ಕಂಬ ಮೊದಲ ದಿನದ ಗಾಳಿಗೇ ಮುರಿದು ನೀರಿಗೆ ಬಿತ್ತು. ನಾನೂ ಹಿರಿಯನೂ ಒಂದು ಕಬ್ಬಿಣದ ಪೈಪು ನಿಲ್ಲಿಸಿ ತಂತಿ ಕಟ್ಟಿ ನೋಡಿದೆವು, ಗಾಳಿ ಅದನ್ನೂ ಕಿತ್ತುಕೊಂಡು ಹೋಯಿತು. ಮಾತಾಡಲು ಇರುವುದು ಈ ದೀಪ ಒಂದೇ. ನಿಲ್ಲಿಸಿ ನಿಲ್ಲಿಸಿ ಬೆಳಗಿಸಿ ದಡದವರಿಗೆ ಸನ್ನೆ ಮಾಡುತ್ತೇನೆ ಎಂದೆ. ಹಿರಿಯ ಸ್ವಿಚ್ಚಿನ ಮುಂದೆ ಅಡ್ಡ ನಿಂತ. "ಈ ಗಾಳೀಲಿ ದೀಪ ತಪ್ಪಾಗಿ ಕಂಡ್ರೆ ಹಡಗಿನವರು ಸಾಯ್ತಾರೆ. ನಿಮ್ಮಮ್ಮ ಒಬ್ಬರು ಕಣಪ್ಪ. ಅವರು ನೂರು ಜನ." ಅವನ ಕತ್ತಿನಪಟ್ಟಿ ಹಿಡಿದುಬಿಟ್ಟೆ. ಆಮೇಲೆ ಬಿಟ್ಟೆ. ಅವನು ಹೇಳಿದ್ದು ಸರಿ, ಅದಕ್ಕೇ ಅವನ ಮುಖ ನೋಡಲು ಆಗುತ್ತಿಲ್ಲ.

ಅಲ್ಲಿ ನೀನು ನಿಶ್ಚಿಂತೆಯಿಂದ ಅಮ್ಮನ ಮುಖ ನೋಡುತ್ತಿರುತ್ತೀಯ. ಇಲ್ಲಿ ನನಗೆ ಗೊತ್ತಿದ್ದೂ ಬಾಯಿ ಕಟ್ಟಿ ಕೂರಿಸಿದ ಹಾಗಾಗಿದೆ. ಅಲೆ ಸ್ವಲ್ಪ ತಗ್ಗಿದರೆ ಮೀನಿನವರು ಯಾರಾದರೂ ಈ ಕಡೆ ಬರಬಹುದು. ಬಂದರೆ ಈ ಪತ್ರವನ್ನು ಅವರ ಕೈಗೆ ಕೊಟ್ಟು ಅಡ್ಡಬೀಳುತ್ತೇನೆ.

ತಮ್ಮ


ಏಪ್ರಿಲ್ 2

ತಮ್ಮಾ,

ನಿನ್ನ ಎರಡೂ ಪತ್ರ ಒಬ್ಬ ಮೀನುಗಾರ ಮನೆಯವರೆಗೂ ತಂದುಕೊಟ್ಟ. ಬಾಗಿಲಲ್ಲೇ ನಿಂತು ಓದಿದೆ. ಒಳಗೆ ಅಮ್ಮ, "ಏನಂತೆ? ಹುಡುಗಿ ಗಿಡುಗಿ ನೋಡ್ಕೊಂಡ್ನಂತಾ ಆ ಬಂಡೆ ಮೇಲೆ?" ಎಂದಳು. ಕಂಪ್ಯೂಟರ್ ಸರಿ ಮಾಡೋದು ಹೇಳಿದಾನೆ ಎಂದೆ. ನಿಜವೇ ತಾನೇ?

ಲ್ಯಾಬಿಗೆ ಹೋದೆ. ತಿಂಗಳು ಮುಗಿದಿದ್ದರೂ ಲೆಕ್ಕ ಚುಕ್ತಾ ಆಗುವವರೆಗೆ ಬಾ ಎಂದಿದ್ದರು. ಹೋದರೆ ಅಲ್ಲಿ ಒಂದೇ ಗದ್ದಲ. ಡ್ರೈವರ್ ಸಿಕ್ಕಿದ್ದರು. ದೂರದ ಊರಿನಲ್ಲಿ ತಂಗಿಯ ಮನೆಯಲ್ಲಿ ಕೂತಿದ್ದರಂತೆ, ಸಾಯುವುದನ್ನು ಹೆಂಡತಿ ನೋಡಬಾರದು ಎಂದು. ಗಡ್ಡ ಬಿಟ್ಟುಕೊಂಡು ಹೆಂಡತಿಯ ಪಕ್ಕ ಬೆಂಚಿನ ಮೇಲೆ ನಗುತ್ತಾ ಕೂತಿದ್ದರು. ನಾನು ಯಾರನ್ನೂ ಮಾತಾಡಿಸದೆ ನನ್ನ ಹಳೆಯ ಕುರ್ಚಿಗೆ ಹೋಗಿ ಕೂತೆ. ಡಾಕ್ಟರಮ್ಮ ಹಿಂದೆಯೇ ಬಂದರು. ನಿನ್ನ ಪತ್ರದ ಮೊದಲ ಪುಟ ಮಾತ್ರ ಅವರ ಕೈಗೆ ಕೊಟ್ಟೆ.

ರೀಜನ್ ತೆರೆದೆ. ದೇಶ ಆರಿಸಿದೆ. ಓಕೆಯ ಮೇಲೆ ಬಾಣ ತಂದು ನಿಲ್ಲಿಸಿದೆ. ಒತ್ತಲು ಆಗಲಿಲ್ಲ ಕಣೋ. ಒತ್ತುವವರೆಗೆ ಅಮ್ಮನದ್ದು 1.180. "ಒತ್ತೇ, ಯಾಕೆ ನಿಂತೆ?" ಎಂದರು ಡಾಕ್ಟರಮ್ಮ. ಸುತ್ತ ಎಲ್ಲರೂ ಸೇರಿದ್ದರು. ಒತ್ತಿದೆ.

ಪರದೆಯ ತುಂಬ ಬಾಲಗಳು ಉದುರಿದವು. 2.340. 1.095. 3.600. ಜೊತೆಯವಳು ಚಪ್ಪಾಳೆ ತಟ್ಟಿದಳು. ಡ್ರೈವರ ಹೆಂಡತಿ ಹಿಂದಿನಿಂದ ಬಂದು ನನ್ನನ್ನು ತಬ್ಬಿಕೊಂಡರು. "ನಿಮ್ಮ ತಪ್ಪಲ್ಲ ಅಂತ ನಂಗೆ ಗೊತ್ತಿತ್ತು" ಎಂದು ಅಳುತ್ತಿದ್ದರು. ನಾನು ಅವರ ತೋಳಿನೊಳಗಿಂದಲೇ ಪಟ್ಟಿಯ ತುದಿಗೆ ಹೋದೆ. ಅಮ್ಮನ ಹೆಸರು, ಮುಂದೆ 1,180. ಎಲ್ಲರ ಬಾಲವೂ ಬಿದ್ದು ಅವಳೊಬ್ಬಳಿಗೆ ಬಂದಿತ್ತು.

ಡಾಕ್ಟರಮ್ಮನೂ ನೋಡಿದರು. ಟೈಪ್ ಮಾಡಿಸಿದ್ದ ಕಾಗದವನ್ನು ನನ್ನೆದುರೇ ಹರಿದು, ಕ್ಷಮಿಸು ಎಂದರು. ಕೆಲಸಕ್ಕೆ ಬಾ ಎಂದರು. ಅದೆಲ್ಲ ಯಾರಿಗೆ ಬೇಕಾಗಿತ್ತು? ಅವತ್ತೇ ಸಂಜೆ ಸುಳ್ಳು ಹೇಳಿ ಅಮ್ಮನ ರಕ್ತ ಮತ್ತೆ ತೆಗೆಸಿದೆ. 4,260. ಈ ಸಲ ಎಲ್ಲ ಕಂಪ್ಯೂಟರುಗಳಲ್ಲೂ ನೋಡಿದೆ. ಒಂದೊಂದಾಗಿ ಎಲ್ಲದರ ಮುಂದೆಯೂ ಹುಚ್ಚಿಯ ಹಾಗೆ ಕೂತು ನೋಡಿದೆ. ಎಲ್ಲದರಲ್ಲೂ ಅದೇ.

ಇನ್ನೂ ಅವಳಿಗೆ ಹೇಳಿಲ್ಲ. ಈ ಕೈಯಲ್ಲೇ ತಂದುಕೊಟ್ಟು ಕುಣಿದವಳು ನಾನು. ಈ ಬಾಯಲ್ಲಿ ಹೇಗೆ ಹೇಳಲಿ?

ಅಕ್ಕ


ಏಪ್ರಿಲ್ 7

ಮರಿ,

ನಂಗೆ ನಿಮ್ಮ ಹಾಗೆ ನೀಟಾಗಿ ಬರೆಯೋಕೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ.

ಮೊನ್ನೆ ನಿನ್ನಕ್ಕ ಹೇಳಿದಳು. ಹೇಳೋಕೆ ಮುಂಚೆ ಪಾತ್ರೆ ತೊಳೆದಳು, ತೊಳೆದಿದ್ದನ್ನೇ ಮತ್ತೆ ತೊಳೆದಳು. ಆಗಲೇ ನಂಗೆ ಗೊತ್ತಾಯ್ತು. "ಏನೇ ಅದು, ಉಗುಳು ಆ ಕಡೆ" ಅಂದೆ. ನಲ್ಲಿ ನಿಲ್ಲಿಸದೆ ಅತ್ತುಕೊಂಡೇ ಹೇಳಿದಳು. ನಾನು ನಕ್ಕೆ. "ಅಷ್ಟೇನಾ? ಎರಡು ತಿಂಗಳು ಆ ಹಾಳು ಮಾತ್ರೆ ಇಲ್ಲದೆ ಹೊಟ್ಟೆ ತುಂಬ ಉಂಡೆನಲ್ಲ, ಅದೇ ಲಾಭ. ನಿನ್ನ ಕೆಲಸ ಉಳೀತಲ್ಲ, ಅದೂ ಲಾಭ" ಅಂದೆ. ಅವಳು ನಂಬಿದಳು. ನಮ್ಮಮ್ಮನಿಗೆ ಎಷ್ಟು ಧೈರ್ಯ ಅಂತ ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದಿದಾಳೆ.

ಸೋಮವಾರದಿಂದ ಮತ್ತೆ ಔಷಧಿ ಏರಿಸ್ತಾರೆ. ಈ ಸಲ ಔಷಧಿಗೆ ಕಾಯಿಲೆ ಬಗ್ಗುತ್ತಾ ಅಂತ ಡಾಕ್ಟರನ್ನ ನೇರವಾಗಿ ಕೇಳಿದೆ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ನೋಡೋಣಮ್ಮ" ಅಂದರು.

ಈಗ ಒಂದು ಮಾತು, ಅಕ್ಕನ ಕಿವಿಗೆ ಹಾಕಬೇಡ. ಆ ಧೈರ್ಯ ಎಲ್ಲ ಸುಳ್ಳು. ಮೊದಲನೇ ಸಲ ನಂಗೆ ಇಷ್ಟು ಹೆದರಿಕೆ ಇರಲಿಲ್ಲ. ಆಗಿದ್ದಾಗಲಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಬದುಕಿಬಿಟ್ಟೆ ಅಂತ ಹೇಳಿದ ಮೇಲೆ ಎಲ್ಲ ಸಡಿಲ ಬಿಟ್ಟುಬಿಟ್ಟೆ. ಮುಂದಿನ ವರ್ಷ ಹಂಗೆ ಮಾಡಬೇಕು, ಹಿಂಗೆ ಮಾಡಬೇಕು ಅಂತ ಏನೇನೋ ಆಸೆ ಇಟ್ಕೊಂಡುಬಿಟ್ಟೆ. ಈಗ ಮತ್ತೆ ಗಟ್ಟಿ ಮಾಡ್ಕೋ ಅಂದ್ರೆ ಆಗ್ತಿಲ್ಲ ಮರಿ. ನಂಗೆ ಸಾಯೋಕೆ ಇಷ್ಟ ಇಲ್ಲ.

ಅವಳ ಮುಂದೆ ಅಳೋ ಹಾಗಿಲ್ಲ. ಅತ್ತರೆ, ತನ್ನ ಕೈಯಿಂದಲೇ ಆಯ್ತು ಅಂತ ಸಾಯೋತನಕ ಅಂದ್ಕೊಳ್ತಾಳೆ. ದಿನಾ ನಕ್ಕು ನಕ್ಕು ದವಡೆ ನೋವು ಬಂದಿದೆ. ನಂಗೆ ಅಳೋಕೆ ಒಬ್ಬರು ಬೇಕು. ಹೋದ ಸಲ ನೀನು ಬರಲಿಲ್ಲ, ನಾನೂ ಕರೀಲಿಲ್ಲ. ಈಗ ಕರೀತಿದೀನಿ. ಬಾ.

ನಿನ್ನ ಅಮ್ಮ